ಬುಡ ನೋಡದೆ ಅಣಬೆ ಬುಟ್ಟಿಗೆ ಹಾಕಬೇಡಿ

ಮಳೆ ಹದವಾಗಿ ಬಿದ್ದು ನಾಲ್ಕು ದಿನವಾದರೆ ಸಂಡೂರಿನ ಗುಡ್ಡಗಳ ಕೆಂಪು ಮಣ್ಣಿನಲ್ಲಿ ಅಣಬೆಗಳು ತಲೆ ಎತ್ತುತ್ತವೆ. ಮಕ್ಕಳು ಕಂಡ ಕೂಡಲೇ ಅಣಬೆಯ ಕೊಡೆಯಂಥ ತಲೆ ಹಿಡಿದು ಕಿತ್ತುಬಿಡುತ್ತಾರೆ. ಅಣಬೆಯ ಅರ್ಧ ಗುರುತು ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಕಳೆ ತೆಗೆಯುವ ಕುರ್ಪಿ ಇಲ್ಲದೆ ಗುಡ್ಡ ಹತ್ತುವುದಿಲ್ಲ.

ನಾವು ತಿನ್ನುವ ಹುತ್ತದ ಅಣಬೆಯ ನೆತ್ತಿಯಲ್ಲಿ ಮೊನಚಾದ ಉಬ್ಬು ಇರುತ್ತದೆ. ಸುತ್ತಲಿನ ಮಣ್ಣು ಬಿಡಿಸಿದರೆ ಕಾಂಡವು ಬೇರಿನಂತೆ ಸಪೂರವಾಗುತ್ತ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಗೆದ್ದಲುಗಳು ಒಳಗೆ ಸಾಕಿಕೊಂಡ ಶಿಲೀಂಧ್ರವೇ ಹೀಗೆ ಮೇಲೆ ಅರಳುವುದು. ಗೂಡನ್ನು ಮಾತ್ರ ಒಡೆಯಬೇಡಿ, ಮುಂದಿನ ಮಳೆಗಾಲದ ಅಣಬೆಯೂ ಅದರಿಂದಲೇ ಬರಬೇಕು. ಹುತ್ತದ ಬಿಲಕ್ಕೆ ಕೈ ಹಾಕಲೇಬೇಡಿ, ಹಾವಿರಬಹುದು.

ಬುಡ ಗಡ್ಡೆಯಂತೆ ಉಬ್ಬಿ, ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲದಲ್ಲಿ ಕುಳಿತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ಅಮಾನಿಟಾ ಜಾತಿಯದಿರಬಹುದು. ಕಾಂಡಕ್ಕೆ ಬಳೆ, ಕೊಡೆಯಡಿ ಬಿಳಿ ಪದರು, ನೋಡಲು ಬಲು ಚೆಂದ. ಆದರೆ ಇವುಗಳಲ್ಲಿ ಕೆಲವು ಪ್ರಾಣ ತೆಗೆಯುತ್ತವೆ. ತಿಂದ 6ರಿಂದ 12 ಗಂಟೆಯ ಮೇಲೆ ವಾಂತಿಭೇದಿ ಶುರುವಾಗಿ, ನಡುವೆ ಗುಣವಾದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ. ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಅಣಬೆಯ ಜೊತೆ ಬೇಯಿಸಿದ ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ, ಬೆಳ್ಳುಳ್ಳಿ ಬಣ್ಣ ಬದಲಿಸದಿದ್ದರೆ ವಿಷವಿಲ್ಲ ಎಂಬುದು ಸುಳ್ಳು. ನಮ್ಮ ಮನೆಯಲ್ಲೇ ಒಮ್ಮೆ ತಿಪ್ಪೆಯ ಪಕ್ಕದ ದೊಡ್ಡ ಬಿಳಿ ಅಣಬೆಯನ್ನು ಹೀಗೆ ಪರೀಕ್ಷಿಸಿ ತಿಂದೆವು. ಎರಡು ಗಂಟೆಯೊಳಗೆ ಎಲ್ಲರಿಗೂ ವಾಂತಿ. ಅಂದಿನಿಂದ ಕಾಗದದ ಪರೀಕ್ಷೆ ತಪ್ಪಿಸಿಲ್ಲ. ಅರಳಿದ ಕೊಡೆಯನ್ನು ಕಾಂಡದಿಂದ ಕತ್ತರಿಸಿ, ಪದರು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ರಾತ್ರಿಯಿಡೀ ಬಟ್ಟಲು ಮುಚ್ಚಿಡಿ. ಹುತ್ತದ ಅಣಬೆ ನಸುಗುಲಾಬಿ ಪುಡಿ ಉದುರಿಸುತ್ತದೆ. ಹಸಿರು ಪುಡಿ ಬಿದ್ದರೆ ಎಸೆಯಿರಿ. ಅಮಾನಿಟಾದ ಪುಡಿ ಬಿಳಿ, ಬಿಳಿ ಕಾಗದದಲ್ಲಿ ಕಾಣದು, ಆದ್ದರಿಂದ ಅರ್ಧ ಭಾಗಕ್ಕೆ ಕಪ್ಪು ಕಾಗದ ಹಾಸಿ. ಬಣ್ಣವೊಂದನ್ನೇ ನಂಬಬೇಡಿ, ಗುಲಾಬಿ ಪುಡಿಯ ವಿಷದ ಅಣಬೆಗಳೂ ಇವೆ. ಬುಡ, ಬೇರು, ಬಣ್ಣ ಮೂರೂ ಹೊಂದಬೇಕು. ಬಲ್ಲವರೊಬ್ಬರು ಕೈಯಲ್ಲಿ ಹಿಡಿದು ಒಪ್ಪಬೇಕು. ಮೊಬೈಲ್ ಚಿತ್ರ ತೋರಿಸಿ ಕೇಳುವುದು ಸಾಲದು.

ಒಲೆಗೆ ಏರಿಸುವ ಮೊದಲು ಬುಡಸಮೇತ ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ತೆಗೆದಿಡಿ. ಯಾರಿಗಾದರೂ ಹೊಟ್ಟೆ ತೊಳಸಿದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ, ಆ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ.