ಕಾರ್ಬುರೇಟರ್ ಕಾರಿಗೆ ಎಲೆಕ್ಟ್ರಿಕ್ ಪಂಪ್: ಮೂರು ಪಿಎಸ್‌ಐ ದಾಟಿಸಬೇಡಿ

ಕೊಡಗಿನಲ್ಲಿ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಜಿಪ್ಸಿ, ಎಸ್ಟೀಮ್, 800 ಇನ್ನೂ ಓಡುತ್ತಿವೆ. ಕೊಯ್ಲು ಮುಗಿದ ಗದ್ದೆಯಲ್ಲಿ ಆಟೊಕ್ರಾಸ್ ಕಾರ್ ರೇಸ್ ನೋಡಿ ಬಂದ ಹುಡುಗರು ಎಂಜಿನ್ ಕೆಲಸ ಮಾಡಿಸುತ್ತಾರೆ, ದೊಡ್ಡ ವೆಬರ್ ಕಾರ್ಬುರೇಟರ್ ಕೂರಿಸುತ್ತಾರೆ. ಪೆಟ್ರೋಲ್ ಸಾಲುತ್ತಿಲ್ಲ ಅನ್ನಿಸಿದ ಕೂಡಲೇ ಗುಜರಿಯಿಂದ ಇಂಜೆಕ್ಷನ್ ಕಾರಿನ ಪಂಪ್ ತಂದು ಜೋಡಿಸುತ್ತಾರೆ. ಕೆಡುವುದು ಅಲ್ಲೇ. ಆ ಪಂಪ್ 40 ಪಿಎಸ್‌ಐ (ಪ್ರೆಷರ್ ಅಳೆಯುವ ಮಾನ) ಮೀರಿ ತಳ್ಳಬಲ್ಲದು. ವೆಬರ್‌ಗೆ ಬೇಕಾದದ್ದು 3ರ ಆಸುಪಾಸು. ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಫ್ಲೋಟಿನ ನೀಡಲ್ ಅಷ್ಟು ಪ್ರೆಷರ್ ತಡೆಯುವುದಿಲ್ಲ. ಉಕ್ಕಿದ ಪೆಟ್ರೋಲ್ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಗಾಡಿಗೇ ಬೆಂಕಿ.

100 ಎಚ್‌ಪಿ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಲೂ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ, ಅಷ್ಟೇ. ಕಾರ್ಬುರೇಟರ್‌ಗೆಂದೇ ಮಾಡಿದ ಸಣ್ಣ ಪಂಪ್ ಧಾರಾಳ ಸಾಕು.

ಮೊದಲು ಟ್ಯಾಂಕ್ ಇಳಿಸಿ ತೊಳೆಸಿ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಬಿಡಲೇಬೇಡಿ, ಇ20 ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪನ್ನೂ ಅದು ಹಾಳು ಮಾಡುತ್ತದೆ. ಎಥನಾಲ್ ತಡೆಯುವ 8 ಮಿ.ಮೀ. ಫ್ಯುಯೆಲ್ ಹೋಸ್ ಹೊಸದಾಗಿ ಹಾಕಿ. ತೋಟದ ಸ್ಪ್ರೇಯರ್ ಪೈಪಿನ ತುಂಡು ಕತ್ತರಿಸಿ ಸಿಕ್ಕಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಪಂಪ್ ಇರಬೇಕಾದದ್ದು ಟ್ಯಾಂಕ್ ಪಕ್ಕ, ಆದಷ್ಟು ಕೆಳಗೆ. ತಳ್ಳುವುದರಲ್ಲಿ ಅದು ಗಟ್ಟಿ, ಎಳೆಯುವುದರಲ್ಲಿ ಅಲ್ಲ. ಬಾನೆಟ್ ಒಳಗಿಟ್ಟರೆ ಸಂಪಾಜೆ ಘಾಟಿ ಹತ್ತುವಾಗ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಲ್ಲಬಹುದು. ಪಂಪ್‌ಗೆ ಮೊದಲೊಂದು ಫಿಲ್ಟರ್, ಕರೆಂಟಿಗೆ ರಿಲೇ, ಫ್ಯೂಸ್. ಎಂಜಿನ್ ನಿಂತು ಆಯಿಲ್ ಪ್ರೆಷರ್ ಇಳಿದಾಗ ಪಂಪಿನ ಕರೆಂಟ್ ಕಡಿಯುವ ಆಯಿಲ್ ಪ್ರೆಷರ್ ಸ್ವಿಚ್ ಕೂಡ ಬೇಕೇ ಬೇಕು. ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು, ಅಲ್ವಾ?

ಈಗ ಪೆಟ್ರೋಲ್ ಪ್ರೆಷರನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಇಲ್ಲಿ ಅವಸರ ಮಾಡಬೇಡಿ. ಅಂಕಿ ಬರೆದ ತಿರುಗಣೆಯಿರುವ, ಹೊಳೆಯುವ ಅಗ್ಗದ ರೆಗ್ಯುಲೇಟರ್ ಕೊಳ್ಳಬೇಡಿ. ಅದರ ಅಂಕಿಗೂ ಗೇಜ್ ತೋರಿಸುವುದಕ್ಕೂ ತಾಳೆಯಾಗುವುದಿಲ್ಲ. ರಿಟರ್ನ್ ಇರುವುದನ್ನೇ ತನ್ನಿ. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುತ್ತಾ ಇರುತ್ತದೆ, ಪೈಪೂ ತಣ್ಣಗಿರುತ್ತದೆ. ರಿಟರ್ನ್ ಪೈಪ್ ಸಣ್ಣದಾದರೆ ರೆಗ್ಯುಲೇಟರಿನ ಸ್ಕ್ರೂ ಎಷ್ಟು ಸಡಿಲಿಸಿದರೂ ಪ್ರೆಷರ್ ಇಳಿಯುವುದಿಲ್ಲ. ಸುಮ್ನೆ ರೆಗ್ಯುಲೇಟರನ್ನು ಬೈಯುವ ಮೊದಲು ಆ ಪೈಪ್ ನೋಡಿ.

ಕಾರ್ಬುರೇಟರ್ ಹತ್ತಿರ 0–15 ಪಿಎಸ್‌ಐ ಗೇಜ್ ಹಾಕಿ. 100ರವರೆಗಿನ ಗೇಜಿನಲ್ಲಿ ಮೂರಕ್ಕೂ ಐದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸ್ಕ್ರೂ ಪೂರ್ತಿ ಸಡಿಲಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು ಒಂದೊಂದು ಕ್ಲಿಪ್ಪನ್ನೂ ಬೆರಳಿಂದ ಮುಟ್ಟಿ ನೋಡಿ. ಒದ್ದೆಯಿಲ್ಲದಿದ್ದರೆ ಕಾಲು ಸುತ್ತು ತಿರುಗಿಸಿ, ಮುಳ್ಳು ನಿಲ್ಲುವವರೆಗೆ ಕಾಯಿರಿ, ಮತ್ತೆ ಕಾಲು ಸುತ್ತು. ಮೂರಕ್ಕೆ ಬಂದಾಗ ಲಾಕ್ ನಟ್ ಬಿಗಿ ಮಾಡಿ. ಬಿಗಿಯುವಾಗ ಮುಳ್ಳು ಸರಿಯುತ್ತದೆ, ಇನ್ನೊಮ್ಮೆ ನೋಡಿ. ಆಮೇಲೆ ಟಾರ್ಚ್ ಹಿಡಿದು ಕಾರ್ಬುರೇಟರ್ ಬಾಯೊಳಗೆ ಇಣುಕಿ. ಹನಿ ಹನಿ ಬೀಳುತ್ತಿದ್ದರೆ ನೀಡಲ್ ಸವೆದಿದೆ, ಇಲ್ಲವೇ ಫ್ಲೋಟ್ ಎತ್ತರ ಜಾಸ್ತಿಯಾಗಿದೆ. ಅದನ್ನು ಸರಿಮಾಡಿ, ಪ್ರೆಷರ್ ಇಳಿಸಿ ಮುಚ್ಚಿಹಾಕಬೇಡಿ.

ಇನ್ನು ಏರಿನಲ್ಲಿ ಪರೀಕ್ಷೆ. ಗೇಜನ್ನು ಗಾಜಿನ ಹೊರಗೆ ಗಟ್ಟಿಯಾಗಿ ಕಟ್ಟಿ, ಪೆಟ್ರೋಲ್ ಪೈಪ್ ಕಾರಿನೊಳಗೆ ಬರಕೂಡದು. ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹತ್ತಿಸಿ, ಗೇಜ್ ನೋಡಲು ಪಕ್ಕದಲ್ಲೊಬ್ಬರು ಇರಲಿ. ಮುಳ್ಳು ಒಂದೂವರೆಗೆ ಬಿತ್ತಾ? ಸ್ಕ್ರೂ ಮುಟ್ಟಬೇಡಿ. ಫಿಲ್ಟರ್ ಬಿಚ್ಚಿ ನೋಡಿ, ಆಮೇಲೆ ಎಂಜಿನ್ ಓಡುತ್ತಿರುವಾಗ ಪಂಪಿನ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. 13ರ ಹತ್ತಿರ ಇರಬೇಕು. ಕಡಿಮೆಯಿದ್ದರೆ ವೈರ್ ಸಣ್ಣದಾಗಿದೆ ಅಥವಾ ಅರ್ಥ್ ಸರಿಯಿಲ್ಲ.

ಜೆಟ್ (ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವ, ಕಾರ್ಬುರೇಟರಿನ ಸಣ್ಣ ತೂತಿನ ತುಂಡು) ಆರಿಸುವುದು ಕೊನೆಗೆ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಗಾಡಿ ಮಾಕುಟ್ಟ ಇಳಿದು ಕಣ್ಣೂರು ಸೇರಿದಾಗ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುವುದಿಲ್ಲ, ನಾಕಿಂಗ್ (ಎಂಜಿನ್ ಒಳಗೆ ಟಕಟಕ ಬಡಿತ) ಶುರುವಾಗಬಹುದು. ಆಗಾಗ ಕೆಳಗಿಳಿಯುವವರು ಅಲ್ಲಿಯ ಗಾಳಿಗೇ ಜೆಟ್ ಹಾಕಿಸಿ. ಮಡಿಕೇರಿಯಲ್ಲಿ ಮೈಲೇಜ್ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ.