ಮಿನೋಲ್ಟಾದ ಮುಳ್ಳು ಮತ್ತೆ ಎದ್ದಿತು

ಮೀಟರ್ ಸತ್ತಿದೆ ಎಂದು ಹಳೆಯ ಕ್ಯಾಮೆರಾ ಮಾರುವವರು ಹೇಳಿದರೆ ನಾನು ಅರ್ಧ ಮಾತ್ರ ನಂಬುತ್ತೇನೆ. ಬೆಳಕನ್ನು ಅಳೆಯುವ ಭಾಗಕ್ಕಿಂತ ಮೊದಲು ಕೆಡುವುದು, ಬಹಳ ಸಲ, ಅದಕ್ಕೆ ವಿದ್ಯುತ್ ತಲುಪಿಸುವ ದಾರಿ. ಬಸವನಗುಡಿಯಲ್ಲಿ ಸ್ಟುಡಿಯೊ ಮುಚ್ಚಿದ ಪರಿಚಿತರೊಬ್ಬರಿಂದ ನನ್ನ ಕೈಗೆ ಬಂದ ಮಿನೋಲ್ಟಾ ಎಸ್‌ಆರ್‌ಟಿ 101 ಫಿಲ್ಮ್ ಕ್ಯಾಮೆರಾದ ಕಥೆಯೂ ಅದೇ.

ಇದು 1966ರಲ್ಲಿ ಬಂದ ಮಾದರಿ. ಫಿಲ್ಮಿಗೆ ಬೆಳಕು ಬಿಡುವ ಶಟರ್ ಪೂರ್ತಿ ಯಾಂತ್ರಿಕ. ಒಂದು ಸೆಕೆಂಡಿನಿಂದ 1/1000 ಸೆಕೆಂಡಿನವರೆಗೆ ಬ್ಯಾಟರಿಯ ಹಂಗಿಲ್ಲದೆ ಕೆಲಸ ಮಾಡುತ್ತದೆ. ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ. ವ್ಯೂಫೈಂಡರಿನಲ್ಲಿ ಬೆಳಕಿಗೆ ತಕ್ಕಂತೆ ಏಳುವ ಮುಳ್ಳು ಒಂದು. ಅಪರ್ಚರನ್ನೋ (ಲೆನ್ಸಿನ ಬೆಳಕಿಂಡಿ) ಶಟರ್ ವೇಗವನ್ನೋ ಬದಲಿಸಿದಾಗ ಸರಿಯುವ, ತುದಿಯಲ್ಲಿ ಉಂಗುರವಿರುವ ಮುಳ್ಳು ಇನ್ನೊಂದು. ಎರಡನ್ನೂ ಕೂಡಿಸಿದರೆ ಫಿಲ್ಮಿಗೆ ಬೀಳುವ ಬೆಳಕು, ಅಂದರೆ ಎಕ್ಸ್‌ಪೋಷರ್ ಸರಿ. ನನ್ನ ಕ್ಯಾಮೆರಾದಲ್ಲಿ ಉಂಗುರ ಓಡಾಡುತ್ತಿತ್ತು, ಮುಳ್ಳು ತಳದಲ್ಲೇ ಮಲಗಿತ್ತು.

ಇಂಥ ಹೊತ್ತಿನಲ್ಲಿ ಮೇಲಿನ ಕವಚ ಬಿಚ್ಚುವ ಆಸೆ ಬರುತ್ತದೆ. ಬೇಡ. ಅದರ ಕೆಳಗೆ ಡಯಲ್‌ಗಳನ್ನು ಮೀಟರಿಗೆ ಕಟ್ಟಿದ ಸಣ್ಣ ದಾರಗಳಿವೆ, ಅವು ರಾಟೆಯಿಂದ ಜಾರಿದರೆ ಹೊಸ ತಲೆನೋವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ನಾನು ತಳದಿಂದ ಶುರು ಮಾಡಿದೆ.

ಬ್ಯಾಟರಿ ಗೂಡಿನಲ್ಲಿ ಯಾವ ಕಾಲದ್ದೋ ಪಾದರಸದ ಸೆಲ್ ಇತ್ತು, ಸುತ್ತ ಹಸಿರು ಮಿಶ್ರಿತ ಬಿಳಿ ಹೊಪ್ಪಳೆ. ಕೈಗವಸು ಹಾಕಿ ಅದನ್ನು ತೆಗೆದು, ಇ-ತ್ಯಾಜ್ಯಕ್ಕೆ ಕೊಡಲು ಡಬ್ಬಿಯಲ್ಲಿಟ್ಟೆ. ಸೋರಿದ್ದು ಕ್ಷಾರ, ಆದ್ದರಿಂದ ಅದಕ್ಕೆ ಮದ್ದು ಆಮ್ಲ: ಹತ್ತಿಕಡ್ಡಿಯ ತುದಿಯಲ್ಲಿ ತುಸು ವಿನೆಗರ್. ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಲೋಹ ಹೊಳೆಯಿತು, ಮುಳ್ಳು ಮಾತ್ರ ಏಳಲಿಲ್ಲ.

ತಳದ ತಟ್ಟೆ ಬಿಚ್ಚಲು ಜಪಾನಿ ಅಳತೆಯ ಜೆಐಎಸ್ ಸ್ಕ್ರೂಡ್ರೈವರ್ ಬೇಕು. ನಮ್ಮ ಮನೆಗಳಲ್ಲಿರುವ ಫಿಲಿಪ್ಸ್ ಮೊನೆ ಜಾರಿ ಸ್ಕ್ರೂವಿನ ತಲೆಯನ್ನೇ ತಿಂದುಹಾಕುತ್ತದೆ. ಒಳಗೆ ಗೂಡಿನಿಂದ ಹೊರಟ ತಂತಿ ಹೊರನೋಟಕ್ಕೆ ನೆಟ್ಟಗಿತ್ತು. ವಿದ್ಯುತ್ ಹರಿದರೆ ಸದ್ದು ಮಾಡುವ ಮಲ್ಟಿಮೀಟರ್ ಹಚ್ಚಿದರೆ ಸದ್ದಿಲ್ಲ. ಹೊದಿಕೆ ಸುಲಿದಾಗ ತಾಮ್ರ ಕಪ್ಪಗಾಗಿತ್ತು. ದೀಪದ ಬತ್ತಿ ಎಣ್ಣೆ ಹೀರುವಂತೆ ತಂತಿಯ ಎಳೆಗಳು ಕ್ಷಾರವನ್ನು ಒಳಕ್ಕೆ ಹೀರಿಕೊಂಡಿದ್ದವು. ಅಂಥ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಪೂರ್ತಿ ಬದಲಿಸಬೇಕು. ಎಸ್.ಪಿ. ರಸ್ತೆಯಿಂದ ತಂದ ತೆಳು ಸಿಲಿಕೋನ್ ತಂತಿಯನ್ನು ಬೆಸೆದು, ಸ್ವಿಚ್ಚಿನ ಸಂಪರ್ಕಗಳನ್ನೂ ಒರೆಸಿದೆ. ಹೊಸ ಸೆಲ್ ಹಾಕಿ ಸ್ವಿಚ್ಚನ್ನು ಬ್ಯಾಟರಿ ಪರೀಕ್ಷೆಯ ಗುರುತಿಗೆ ತಿರುಗಿಸಿದಾಗ ಮುಳ್ಳು ಜಿಗಿಯಿತು.

ಹಲವರು ಇಲ್ಲಿಗೆ ನಿಲ್ಲಿಸುತ್ತಾರೆ, ಆಮೇಲೆ ಕಪ್ಪಾದ ಚಿತ್ರಗಳಿಗೆ ಲ್ಯಾಬನ್ನು ಬೈಯುತ್ತಾರೆ. ಈ ಮೀಟರ್ ರೂಪುಗೊಂಡದ್ದು 1.35 ವೋಲ್ಟಿನ ಪಿಎಕ್ಸ್ 625 ಪಾದರಸದ ಸೆಲ್ಲಿಗೆ. ಅಂಥ ಬಟನ್ ಸೆಲ್ಲುಗಳ ಮಾರಾಟವನ್ನು ಅಮೆರಿಕ 1996ರಲ್ಲೇ ನಿಷೇಧಿಸಿತು. ಈಗ ಅವು ಸಿಗುವುದಿಲ್ಲ, ಸಿಗಲೂಬಾರದು. ಬದಲಿಗೆ ಎಲ್ಲೆಡೆ ಸಿಗುವ ಎಲ್‌ಆರ್ 44 ಹಾಕಿದರೆ 1.5 ವೋಲ್ಟ್ ಕೊಡುತ್ತದೆ, ಅದೂ ಬಳಸಿದಂತೆ ಇಳಿಯುತ್ತದೆ. ವೋಲ್ಟೇಜ್ ಹೆಚ್ಚಾದರೆ ಮುಳ್ಳು ಹೆಚ್ಚು ಏಳುತ್ತದೆ, ಇರುವುದಕ್ಕಿಂತ ಜಾಸ್ತಿ ಬೆಳಕಿದೆ ಎನ್ನುತ್ತದೆ, ಫಿಲ್ಮಿಗೆ ಬೆಳಕು ಸಾಲದೆ ಹೋಗುತ್ತದೆ.

ದಾರಿಗಳು ಎರಡು. ಶ್ರವಣ ಸಾಧನದ ಅಂಗಡಿಯಲ್ಲಿ ಸಿಗುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ 1.4 ವೋಲ್ಟಿನದು, ಮೀಟರಿಗೆ ಒಗ್ಗುತ್ತದೆ. ಆದರೆ ಅದರ ಚೀಟಿ ಕಿತ್ತು ಗಾಳಿ ಒಳಹೊಕ್ಕ ಮೇಲೆ ನೀವು ಬಳಸಿದರೂ ಬಿಟ್ಟರೂ ಬರಿದಾಗುತ್ತಾ ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ರೋಲ್ ಹಾಕುವ ನನ್ನಂಥವನಿಗೆ ಅದು ಹೊಂದುವುದಿಲ್ಲ. ನಾನು ಎಸ್‌ಆರ್ 44 ಸಿಲ್ವರ್ ಆಕ್ಸೈಡ್ ಸೆಲ್ ಆರಿಸಿಕೊಂಡೆ. 1.55 ವೋಲ್ಟನ್ನು ಕೊನೆಯವರೆಗೂ ಹೆಚ್ಚುಕಡಿಮೆ ಹಾಗೇ ಹಿಡಿದಿಡುತ್ತದೆ. ಹೆಚ್ಚುವರಿ 0.2 ವೋಲ್ಟನ್ನು ಕಳೆಯಲು ಹೊಸ ತಂತಿಯ ನಡುವೆ ಒಂದು ಶಾಟ್ಕಿ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ, ತುಸು ವೋಲ್ಟೇಜ್ ನುಂಗುವ ಪುಟ್ಟ ಭಾಗ) ಬೆಸೆದೆ, ಪಟ್ಟಿಯಿರುವ ತುದಿ ಋಣ ಧ್ರುವದ ಕಡೆಗೆ. ಗೂಡು 16 ಮಿಲಿಮೀಟರ್ ಅಗಲ, ಸೆಲ್ 11.6, ಒಂದು ರಬ್ಬರ್ ಉಂಗುರ ಆ ಸಂದನ್ನು ತುಂಬಿತು.

ಬೆಳಕು ಒಳನುಗ್ಗದಂತೆ ತಡೆಯುವ ಹಿಂಬಾಗಿಲಿನ ಸ್ಪಂಜು ಡಾಂಬರಿನಂತಾಗಿತ್ತು. ಅದನ್ನು ಕೆರೆದು ಕಪ್ಪು ಉಣ್ಣೆದಾರ ಕೂರಿಸಿದೆ.

ಪರೀಕ್ಷೆಗೆ ಲಾಲ್‌ಬಾಗಿನ ಬಂಡೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ: ವಿಶಾಲ, ಬೂದು, ಬೆಳಕು ಸಮನಾಗಿ ಬೀಳುವ ಮೈ. ಡಿಜಿಟಲ್ ಕ್ಯಾಮೆರಾವನ್ನೂ ಐಎಸ್ಒ (ಬೆಳಕಿನ ಸಂವೇದನೆ) 200ಕ್ಕೆ ಇಟ್ಟು ಎರಡನ್ನೂ ಒಂದೇ ತಾಣಕ್ಕೆ ಹಿಡಿದೆ. ಬಿಸಿಲಿನಲ್ಲಿ ಎರಡೂ ಅಪರ್ಚರ್ ಎಫ್/16, ಶಟರ್ ವೇಗ 1/250ರ ಆಸುಪಾಸಿನಲ್ಲಿ ಒಪ್ಪಿದವು. ಮರದ ನೆರಳಿಗೆ ಬಂದಾಗ ಮಿನೋಲ್ಟಾ ತುಸು ತಡವರಿಸಿತು. ಅದು ದೋಷವಲ್ಲ, ಅದರ ಕ್ಯಾಡ್ಮಿಯಂ ಸಲ್ಫೈಡ್ ಕಣ್ಣು ಪ್ರಖರ ಬೆಳಕನ್ನು ಕಂಡ ಮೇಲೆ ಸುಧಾರಿಸಿಕೊಳ್ಳಲು ಸಮಯ ಕೇಳುತ್ತದೆ.

ಅಂಥ ಎರಡು ಕಣ್ಣುಗಳು ಇದರಲ್ಲಿವೆ. ಒಂದು ಚೌಕಟ್ಟಿನ ಮೇಲ್ಭಾಗವನ್ನು ನೋಡುತ್ತದೆ, ಇನ್ನೊಂದು ಕೆಳಭಾಗವನ್ನು. ಆಕಾಶದ ಬೆಳಕು ಲೆಕ್ಕ ಕೆಡಿಸದಿರಲೆಂದು ಎರಡನ್ನೂ ಸರಣಿಯಲ್ಲಿ ಜೋಡಿಸಿದ್ದಾರೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಆ ಅನುಕೂಲ ತಪ್ಪಿಹೋಗುತ್ತದೆ. ಹಾಗಾಗಿ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿಗಳನ್ನು ಉದ್ದ ಚೌಕಟ್ಟಿನಲ್ಲಿ ತೆಗೆಯುವಾಗ ಮೊದಲು ಅಡ್ಡಕ್ಕೆ ಹಿಡಿದು ಮುಳ್ಳುಗಳನ್ನು ಕೂಡಿಸುತ್ತೇನೆ, ನಂತರ ಕ್ಯಾಮೆರಾ ತಿರುಗಿಸಿ ಬಟನ್ ಒತ್ತುತ್ತೇನೆ.