ಬ್ರೋಷರ್ ಬದಿಗಿಟ್ಟು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಶಾಲೆ ಹುಡುಕಿದ ಬಗೆ

ಕಂದು, ಕಪ್ಪು ಮಕ್ಕಳಿಗೆ ಒಗ್ಗುವ ಪ್ರೈವೇಟ್ ಎಲಿಮೆಂಟರಿ ಶಾಲೆಯನ್ನು ಅಂಕಿಅಂಶ ಹಿಡಿದು ಆರಿಸೋಕಾಗಲ್ಲ ಅಂತ ಕನ್ನಡ ಕೂಟದ ಗೆಳೆಯರು ವಾದಿಸುತ್ತಿದ್ದರು. ಆಗುತ್ತೆ. ಮಗಳು ಈಗ ಎರಡನೇ ತರಗತಿ. ಇದೇ ದಾರಿ ಹಿಡಿದ ಇನ್ನೆರಡು ಮನೆಯವರೂ ಶಾಲೆ ಬದಲಿಸಿಲ್ಲ.

ಓಪನ್ ಹೌಸ್, ಸ್ಟಾರ್ ರೇಟಿಂಗ್ ಎರಡೂ ದಂಡ. ಶಾಲೆಗಳು ಹೇಳುವ 'ಅರ್ಧದಷ್ಟು ವೈವಿಧ್ಯ' ಅನ್ನುವ ಲೆಕ್ಕವನ್ನು ಬಿಡಿಸಿದರೆ ಬಹುಪಾಲು ನಮ್ಮವರು, ಚೀನಾ ಮೂಲದವರು. ಕಪ್ಪು ಮಕ್ಕಳು ತರಗತಿಗೊಬ್ಬರು, ಕೆಲವು ಕಡೆ ಅದೂ ಇಲ್ಲ. ನಮ್ಮ ಮಕ್ಕಳು ತುಂಬಿದ್ದಾರೆ ಅಂದ ಮಾತ್ರಕ್ಕೆ ಅದು ಎಲ್ಲರ ಶಾಲೆ ಆಗಲ್ಲ. ಆ ಒಬ್ಬ ಕಪ್ಪು ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದೇ ನನಗೆ ಅಳತೆಗೋಲು. ಸಿಬ್ಬಂದಿಯ ಅಂಕಿಯಲ್ಲಿ ಅಡುಗೆಯವರು, ಆಫ್ಟರ್‌ಕೇರ್‌ನವರೂ ಸೇರಿರುತ್ತಾರೆ. ಲೀಡ್ ಟೀಚರ್‌ಗಳ, ಅಂದರೆ ತರಗತಿಯ ಮುಖ್ಯ ಶಿಕ್ಷಕರ ಲೆಕ್ಕ ಬೇರೆ ಕೇಳಿ.

ಅಮೆರಿಕ ಸರ್ಕಾರದ ಶಿಕ್ಷಣ ಅಂಕಿಅಂಶ ಕೇಂದ್ರವಾದ ಎನ್‌ಸಿಇಎಸ್‌ನ ಜಾಲತಾಣದಲ್ಲಿ, ಅದರ ಸಮೀಕ್ಷೆಗೆ ಉತ್ತರಿಸಿದ ಪ್ರೈವೇಟ್ ಶಾಲೆಗಳ ಜನಾಂಗವಾರು ಸಂಖ್ಯೆ ಪುಕ್ಕಟೆ ಸಿಗುತ್ತೆ, ಆದರೆ ಕೆಲವು ವರ್ಷ ಹಳೆಯದು. ಲಾಭಕ್ಕಲ್ಲದ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಕೊಡುವ ಲೆಕ್ಕಪತ್ರ ಫಾರ್ಮ್ 990 ತೆಗೆದು ಫೀ ಆದಾಯದ ಪಕ್ಕ ಮಕ್ಕಳಿಗೆ ಕೊಟ್ಟ ನೆರವಿನ ಮೊತ್ತ ಇಟ್ಟು ನೋಡಿ. ನೆರವು ತೀರಾ ಕಡಿಮೆಯಿದ್ದರೆ ವೈವಿಧ್ಯದ ಮಾತು ಬ್ರೋಷರ್‌ನಲ್ಲೇ ಉಳಿಯುತ್ತೆ.

ಆಮೇಲೆ ಅಡ್ಮಿಶನ್ ಆಫೀಸಿಗೆ ಈಮೇಲ್: ಕಿಂಡರ್‌ಗಾರ್ಟನ್‌ಗೆ ಸೇರಿದವರಲ್ಲಿ ಐದನೇ ತರಗತಿವರೆಗೆ ಉಳಿದವರೆಷ್ಟು, ಅವರಲ್ಲಿ ಕಪ್ಪು, ಲ್ಯಾಟಿನೋ ಮಕ್ಕಳೆಷ್ಟು? ಹತ್ತು ಹನ್ನೆರಡು ಶಾಲೆಗಳಲ್ಲಿ ನಾಲ್ಕೈದು ಅಂಕಿ ಕೊಟ್ಟವು. 'ನಮಗೆ ಎಲ್ಲ ಮಕ್ಕಳೂ ಒಂದೇ' ಎಂದವನ್ನೆಲ್ಲ ಪಟ್ಟಿಯಿಂದ ತೆಗೆದೆ. ಬಿಟ್ಟುಹೋದವರ ಸಂಖ್ಯೆ ಚಿಕ್ಕದಾದ್ದರಿಂದ ಎಲ್ಲಿಗೆ ಹೋದರು ಅಂತಲೂ ಕೇಳಬೇಕು. ಟೆಕ್ಸಸ್‌ಗೆ ಮನೆ ಬದಲಿಸಿದವರು ಬೇರೆ, ಪಕ್ಕದ ಶಾಲೆಗೆ ಹೋದವರು ಬೇರೆ.

ಭೇಟಿಗೆ ಮಾಮೂಲಿ ವಾರದ ದಿನ, ರಿಸೆಸ್ (ಮಕ್ಕಳ ಆಟದ ಬಿಡುವು) ಸೇರಿಸಿಕೊಂಡು ಹೋಗಿ. ಗೋಡೆಯ ಮೇಲೆ ಮಕ್ಕಳು ಬರೆದುಕೊಂಡ ಅವರವರ ಮುಖ ನೋಡಿ. ಎಲ್ಲಾ ಒಂದೇ ತಿಳಿ ಗುಲಾಬಿಯಾಗಿದ್ದರೆ ಕೇಳುವುದೇನೂ ಉಳಿದಿಲ್ಲ. ಕ್ರೇಯಾನ್ ಡಬ್ಬಿಯಲ್ಲಿ ಕಂದು ಛಾಯೆಗಳು ಸವೆದು ಮೊಂಡಾಗಿವೆಯೋ, ತುದಿ ಮಾಸದೆ ಕೂತಿವೆಯೋ? ಒಂದು ಮಗು ಇನ್ನೊಂದರ ಕೂದಲನ್ನೋ ಊಟದ ಡಬ್ಬಿಯನ್ನೋ ಹೀಯಾಳಿಸಿದರೆ ಆ ದಿನವೇ ಎರಡೂ ಮನೆಗೆ ಫೋನ್ ಮಾಡುವವರು ಯಾರು ಅಂತ ಪ್ರಿನ್ಸಿಪಾಲರನ್ನು ಕೇಳಿ. ಉತ್ತರದಲ್ಲಿ ಹೆಸರಿರಬೇಕು, 'ಪಾಲಿಸಿ' ಅಲ್ಲ. ಇನ್ನೊಂದು ಪ್ರಶ್ನೆಯನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಎಲ್ಲರೂ ಕೇಳತೊಡಗಿದರೆ ಉತ್ತರ ಬಾಯಿಪಾಠ ಆಗಿಬಿಡುತ್ತೆ.

ಜೊತೆಗೆ ಸ್ಯಾನ್ ಹೊಸೆ ಕಡೆಯ ಕ್ಯಾಥೊಲಿಕ್ ಪ್ಯಾರಿಶ್ ಶಾಲೆಗಳನ್ನೂ, ಅಂದರೆ ಸ್ಥಳೀಯ ಚರ್ಚ್ ನಡೆಸುವ ಶಾಲೆಗಳನ್ನೂ ಜಾಲಾಡಿದೆ. ಫೀ ಉಳಿದ ಪ್ರೈವೇಟ್ ಶಾಲೆಗಳ ಸುಮಾರು ಮೂರನೇ ಒಂದು ಪಾಲು. ಫಿಲಿಪಿನೋ, ವಿಯೆಟ್ನಾಮಿ, ಲ್ಯಾಟಿನೋ ಮಕ್ಕಳು ಧಾರಾಳ. 990 ಸಿಗಲ್ಲ, ತರಗತಿ ದೊಡ್ಡದು, ಧರ್ಮಪಾಠ ಇದ್ದೇ ಇರುತ್ತೆ. ಅದು ಅಡ್ಡಿಯಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇಲ್ಲ.

ದುಡ್ಡು: ಚರ್ಚ್‌ಗೆ ಸೇರದ ಇಂಡಿಪೆಂಡೆಂಟ್ ಶಾಲೆಗೆ ವರ್ಷಕ್ಕೆ ಸಾಮಾನ್ಯವಾಗಿ 35ರಿಂದ 45 ಸಾವಿರ ಡಾಲರ್, ಒಂದೊಂದು ಅರ್ಜಿಗೆ ನೂರರ ಆಸುಪಾಸು. ಅರ್ಜಿ ಜನವರಿಗೆ, ಫಲಿತಾಂಶ ಮಾರ್ಚ್ ಮಧ್ಯಕ್ಕೆ. ನೆರವಿನ ಅರ್ಜಿ ಬೇರೆ, ಅದನ್ನೂ ಜನವರಿಯಲ್ಲೇ ಹಾಕಿ. ಆದಾಯಕ್ಕೆ ತಕ್ಕ ಫೀ ಇರುವ ಶಾಲೆಗಳಲ್ಲಿ ಐಟಿ ಸಂಬಳದವರಿಗೂ ಒಂದಿಷ್ಟು ಇಳಿಯುತ್ತೆ. 529 ಅನ್ನುವ ಶಿಕ್ಷಣ ಉಳಿತಾಯ ಖಾತೆಯಿಂದ ಫೀ ಕಟ್ಟಿದರೆ ವರ್ಷಕ್ಕೆ ಒಂದು ಮಿತಿಯವರೆಗೆ ಫೆಡರಲ್ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾ ಮಾತ್ರ ಈ ವಿನಾಯಿತಿ ಒಪ್ಪಲ್ಲ. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮೊದಲು ಯಾವ ತಾರೀಖಿನ ನಂತರ ಇಡೀ ವರ್ಷದ ಫೀ ತಲೆಮೇಲೆ ಬರುತ್ತೆ ಅನ್ನುವ ಸಾಲನ್ನು ಹುಡುಕಿ ಓದಿ. ಮಗು ಒಗ್ಗದೆ ನಡುವೆ ಬಿಡಿಸಿದರೂ ಆ ದುಡ್ಡು ಕಟ್ಟಲೇಬೇಕು.